ಇನ್ನೂ ಮುಗಿದಿಲ್ಲ ಕಣ್ರೀ, ಆದರೂ ಹೇಳ್ತೀನಿ

ವಠಾರದ ನಲ್ಲಿಯ ಮುಂದೆ ಕೊಡಗಳ ಸಾಲು. ನೀರು ಬಿಡಲು ಇನ್ನೂ ಹೊತ್ತಿದೆ. “ಅವಳು ಅಷ್ಟು ಸುಲಭವಾಗಿ ಒಪ್ಪಿಕೊಳ್ಳಬಾರದಾಗಿತ್ತು” ಎನ್ನುತ್ತಾರೆ ಒಬ್ಬರು. “ಒಪ್ಪದೆ ಇನ್ನೇನು ಮಾಡ್ತಾಳ್ರೀ? ಅಪ್ಪ ಹಾಸಿಗೆ ಹಿಡಿದಿದಾನೆ, ತಮ್ಮನಿಗೆ ಫೀಸು ಕಟ್ಟಬೇಕು” ಎಂದು ಇನ್ನೊಬ್ಬರು. “ನೋಡ್ತಾ ಇರಿ, ಆ ಡಾಕ್ಟರಿಗೆ ಆಗಲೇ ಒಂದು ಮದುವೆ ಆಗಿರುತ್ತೆ” ಎಂದು ಮೂರನೆಯವರು ಕೊಡ ಮುಂದಕ್ಕೆ ಸರಿಸುತ್ತಾರೆ. ಮೊನ್ನೆಯಷ್ಟೇ ಆ ವಠಾರಕ್ಕೆ ಕಾಲಿಟ್ಟ ಸೊಸೆಗೆ ಗಾಬರಿ: ಯಾರ ಮನೆಯ ಹುಡುಗಿಯಪ್ಪಾ ಇವಳು?

ಯಾರ ಮನೆಯವಳೂ ಅಲ್ಲ. ವಾರಪತ್ರಿಕೆಯ ಧಾರಾವಾಹಿಯವಳು. ಅವಳ ಮದುವೆ ನಡೆಯುವುದೋ ಮುರಿಯುವುದೋ ಮುಂದಿನ ಗುರುವಾರದ ತನಕ ಯಾರಿಗೂ ತಿಳಿಯುವಂತಿಲ್ಲ. ಅಷ್ಟರೊಳಗೆ ನಲ್ಲಿಯ ಬಳಿ ಮೂರು ಬಾರಿ ಅವಳ ಜಾತಕ ಜಾಲಾಡಿ ಆಗಿರುತ್ತದೆ.

ಅರವತ್ತು, ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಮೈಸೂರು, ಬೆಂಗಳೂರು, ಹುಬ್ಬಳ್ಳಿಗಳ ಮಧ್ಯಮ ವರ್ಗದ ಮನೆಗಳಲ್ಲಿ ಬೆಳೆದವರಿಗೆ ಈ ದೃಶ್ಯ ಹೊಸದಲ್ಲ. ಕಾದಂಬರಿಯ ಬಗ್ಗೆ ವಿಮರ್ಶಕರು ಬರೆದದ್ದು ಗ್ರಂಥಾಲಯಗಳಲ್ಲಿ ಉಳಿದಿದೆ. ಓದುತ್ತಿರುವವರು, ಇನ್ನೂ ಅರ್ಧದಲ್ಲೇ ಇರುವವರು ಆಡಿದ ಮಾತು ಮಾತ್ರ ಗಾಳಿಗೆ ಹೋಗಿದೆ. ಕಾದಂಬರಿ ಎಂಬ ಪ್ರಕಾರ ಬೆಳೆದದ್ದರಲ್ಲಿ ಆ ಮಾತಿನ ಪಾಲು ದೊಡ್ಡದು.

ತೀರ್ಪಲ್ಲ, ಪಣ

ಪುಸ್ತಕ ಮುಗಿಸಿದವರ ಅಭಿಪ್ರಾಯವೇ ಬೇರೆ, ನಡುವೆ ಇರುವವರದೇ ಬೇರೆ. ಮುಗಿಸಿದವರು ಕೊನೆಯಿಂದ ಹಿಂದಕ್ಕೆ ನೋಡುತ್ತಾರೆ. ನೂರನೆಯ ಪುಟದಲ್ಲಿ ತಮಗೆ ಆಕಳಿಕೆ ಬಂದದ್ದು, ನೂರಿಪ್ಪತ್ತರಲ್ಲಿ ನಾಯಕನ ಮೇಲೆ ಸಿಟ್ಟು ಬಂದದ್ದು, ನೂರೈವತ್ತರಲ್ಲಿ ತಪ್ಪಾಗಿ ಊಹಿಸಿದ್ದು ಎಲ್ಲವನ್ನೂ ಆ ಕೊನೆ ಅಳಿಸಿಹಾಕಿರುತ್ತದೆ. ನಡುವೆ ಇರುವವರು ಹೇಳುವುದು ಒಂದು ಪಣ. “ಇವನು ಕೈಕೊಡ್ತಾನೆ ನೋಡಿ” ಎಂದವರ ಮಾನ ಮುಂದಿನ ಅಧ್ಯಾಯದ ಕೈಯಲ್ಲಿರುತ್ತದೆ.

ವಿಮರ್ಶಕರಿಗೆ ಈ ಸುಖವಿಲ್ಲ. ಅವರು ಪೂರ್ತಿ ಓದಿಯೇ ಬರೆಯಬೇಕು. ಬರೆಯುವ ಹೊತ್ತಿಗೆ ಓದಿನ ಕಾತರ ಆರಿರುತ್ತದೆ. ಕಾದಂಬರಿ ಎಲ್ಲಿ ಎಳೆಯುತ್ತದೆ, ಎಲ್ಲಿ ಓದುಗರ ಕೈ ಬಿಡುತ್ತದೆ ಎಂಬುದಕ್ಕೆ ನಿಜವಾದ ಸಾಕ್ಷಿ ಪುಟದ ಮೂಲೆ ಮಡಚಿಟ್ಟು ಎದ್ದು ಬಂದವರೇ.

ಲೇಖಕರ ಬಾಗಿಲು ತಟ್ಟಿದ ಕಾಗದಗಳು

ಕಾದಂಬರಿ ಕಂತುಗಳಲ್ಲಿ ಬರತೊಡಗಿದಾಗಲೇ ಈ ಮಾತಿಗೆ ಬಲ ಬಂತು. ಪುಸ್ತಕ ಮುಗಿಸಿಟ್ಟ ಲೇಖಕನಿಗೆ ಸಲಹೆ ಕೊಟ್ಟು ಪ್ರಯೋಜನವಿಲ್ಲ. ಇನ್ನೂ ಬರೆಯುತ್ತಿರುವವನಿಗೆ ಕೊಡಬಹುದಲ್ಲ!

ಇಂಗ್ಲೆಂಡಿನ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ತನ್ನ ‘ಕ್ಲಾರಿಸಾ’ ಕಾದಂಬರಿಯ ಏಳು ಸಂಪುಟಗಳನ್ನು 1747ರ ಡಿಸೆಂಬರಿನಿಂದ ಒಂದು ವರ್ಷದ ಅವಧಿಯಲ್ಲಿ ಮೂರು ಬಾರಿಗೆ ಹಂಚಿ ಪ್ರಕಟಿಸಿದ. ಮೊದಲ ನಾಲ್ಕು ಸಂಪುಟ ಓದಿದವರಿಗೆ ನಾಯಕಿಯ ಗತಿಯ ವಾಸನೆ ಹತ್ತಿತು. ಲೇಡಿ ಬ್ರಾಡ್‌ಶೇ ಎಂಬಾಕೆ ಬೇರೊಂದು ಹೆಸರಿಟ್ಟುಕೊಂಡು ಅವನಿಗೆ ಕಾಗದ ಬರೆದಳು: ಕ್ಲಾರಿಸಾಳನ್ನು ಉಳಿಸಬೇಕು, ಕತೆಯನ್ನು ಸುಖವಾಗಿ ಮುಗಿಸಬೇಕು. ರಿಚರ್ಡ್‌ಸನ್ ಉದ್ದುದ್ದ ಉತ್ತರ ಬರೆದ, ಆದರೆ ಕತೆ ಬದಲಿಸಲಿಲ್ಲ. ಜಗಳದಿಂದ ಹುಟ್ಟಿದ ಆ ಪತ್ರವ್ಯವಹಾರ ವರ್ಷಗಟ್ಟಲೆ ನಡೆದು ಸ್ನೇಹವಾಯಿತು.

ನೂರು ವರ್ಷಗಳ ನಂತರದ ಚಾರ್ಲ್ಸ್ ಡಿಕನ್ಸ್ ಅಷ್ಟು ಗಟ್ಟಿಯಾಗಿ ಕೂರಲಿಲ್ಲ. ‘ಡೇವಿಡ್ ಕಾಪರ್‌ಫೀಲ್ಡ್’ 1849ರ ಮೇ ತಿಂಗಳಿಂದ ಮಾಸಿಕ ಕಂತುಗಳಲ್ಲಿ ಬರುತ್ತಿತ್ತು. ವರ್ಷದ ಕೊನೆಯ ಕಂತಿನಲ್ಲಿ ಮಿಸ್ ಮೌಚರ್ ಎಂಬ ಕುಳ್ಳ ಹೆಂಗಸು ಬಂದಳು; ಮಾತಿನಮಲ್ಲಿ, ಕೇಡಿನ ಛಾಯೆಯವಳು. ಡಿಕನ್ಸನ ನೆರೆಯಲ್ಲೇ ಇದ್ದ, ಪಾದಗಳ ಚಿಕಿತ್ಸೆ ಮಾಡುತ್ತಿದ್ದ ಕುಳ್ಳಗಿನ ಮಹಿಳೆಯೊಬ್ಬರು ಅದನ್ನು ಓದಿ ನೊಂದರು. ಇದು ನಾನೇ, ಎಲ್ಲರೂ ನನ್ನನ್ನೇ ಗುರುತಿಸುತ್ತಿದ್ದಾರೆ ಎಂದು ಅವನಿಗೇ ಬರೆದರು. ಡಿಕನ್ಸ್ ಕ್ಷಮೆ ಕೇಳಿದ. ಕೇಳಿದ್ದಷ್ಟೇ ಅಲ್ಲ, ಮುಂದಿನ ಕಂತುಗಳಿಗೆ ಹಾಕಿಕೊಂಡಿದ್ದ ಯೋಜನೆಯನ್ನೇ ಬಿಟ್ಟ. 32ನೆಯ ಅಧ್ಯಾಯದಲ್ಲಿ ಮರಳಿ ಬರುವ ಮಿಸ್ ಮೌಚರ್ ಒಳ್ಳೆಯ ಮನಸ್ಸಿನವಳು. ಇವತ್ತು ಆ ಕಾದಂಬರಿಯನ್ನು ಒಂದೇ ಗುಕ್ಕಿನಲ್ಲಿ ಓದುವವರಿಗೆ ಅವಳು ಇದ್ದಕ್ಕಿದ್ದಂತೆ ಬದಲಾದದ್ದು ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ. ಅವಳ ಎರಡು ಮುಖಗಳ ನಡುವೆ ಒಬ್ಬ ಓದುಗಳ ಕಾಗದ ಹೊಲಿಗೆ ಹಾಕಿಕೊಂಡು ಕೂತಿದೆ.

ಗಳಗನಾಥರ ಗಂಟು, ವಾರಪತ್ರಿಕೆಯ ಕಂತು

ಕನ್ನಡಕ್ಕೂ ಕಾದಂಬರಿ ಬಹುಪಾಲು ಪತ್ರಿಕೆಯ ಬೆನ್ನೇರಿಯೇ ಬಂತು. ಬಂಗಾಳದಲ್ಲಿ ಬಂಕಿಮಚಂದ್ರರು ತಮ್ಮ ‘ವಿಷವೃಕ್ಷ’ವನ್ನು 1872ರಲ್ಲಿ ಶುರುಮಾಡಿದ ‘ಬಂಗದರ್ಶನ’ ಮಾಸಪತ್ರಿಕೆಯಲ್ಲಿ ಕಂತುಕಂತಾಗಿ ಕೊಟ್ಟಿದ್ದರು. ಅವರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು. ಇತ್ತ ಹಾವೇರಿ ಸೀಮೆಯ ಅಗಡಿಯಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯಲ್ಲಿ ಗಳಗನಾಥರು ಕಾದಂಬರಿಗಳನ್ನು ಬಿಡಿಬಿಡಿಯಾಗಿ ಉಣಬಡಿಸಿದರು. ಅವರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಹಾಗೆ ತಿರುಗುವ ಲೇಖಕನಿಗೆ ಓದುಗರ ಮಾತು ಅಂಚೆಯ ಮೂಲಕ ಬರಬೇಕಾಗಿಲ್ಲ, ಮನೆಯ ಕಟ್ಟೆಯ ಮೇಲೇ ಸಿಗುತ್ತದೆ.

ಧಾರಾವಾಹಿಯ ಸುಗ್ಗಿ ಬಂದದ್ದು ವಾರಪತ್ರಿಕೆಗಳ ಕಾಲದಲ್ಲಿ. ‘ಪ್ರಜಾಮತ’, ‘ಕರ್ಮವೀರ’ ಮೊದಲೇ ಇದ್ದವು. 1965ರಲ್ಲಿ ‘ಸುಧಾ’, 1983ರಲ್ಲಿ ಮಣಿಪಾಲದಿಂದ ‘ತರಂಗ’ ಬಂದವು. ಸಾಯಿಸುತೆ, ಉಷಾ ನವರತ್ನರಾಂ, ಟಿ.ಕೆ. ರಾಮರಾವ್, ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥ್: ಈ ಹೆಸರುಗಳನ್ನು ಪುಸ್ತಕದಂಗಡಿಗಿಂತ ಮೊದಲು ವಾರಪತ್ರಿಕೆಯ ನಡುಪುಟಗಳಲ್ಲಿ ಕಂಡವರೇ ಹೆಚ್ಚು.

ಪತ್ರಿಕೆ ಮನೆಗೆ ಬಿದ್ದೊಡನೆ ಮೊದಲು ಯಾರ ಕೈಗೆ ಎಂಬುದೇ ಜಗಳ. ಹಿರಿಯರು ಎದುರಿಗಿದ್ದರೆ ಮಕ್ಕಳಿಗೆ ಕೊನೆಯ ಸರದಿ. ಎದುರಿಗಿಲ್ಲದಿದ್ದರೆ ಬಚ್ಚಲೊಲೆಯ ಮುಂದೆ ಕದ್ದು ಓದು. ಕಂತಿನ ತಲೆಯ ಮೇಲೆ ‘ಇಲ್ಲಿಯವರೆಗೆ’ ಎಂಬ ನಾಲ್ಕು ಸಾಲಿನ ಸಾರಾಂಶ, ಒಂದು ಚಿತ್ರ, ಕೊನೆಗೆ ಬಾಗಿಲು ತಟ್ಟಿದ ಸದ್ದು. ಬಾಗಿಲಾಚೆ ಯಾರು ಎನ್ನುವುದು ಮುಂದಿನ ವಾರಕ್ಕೆ. ಚಿತ್ರವೂ ಚರ್ಚೆಯ ವಸ್ತು: ಅವಳಿಗೆ ಕಲಾವಿದರು ಇಷ್ಟು ದಪ್ಪ ಜಡೆ ಯಾಕೆ ಹಾಕಿದರು, ಕತೆಯಲ್ಲಿ ಮೋಟುಜಡೆ ಎಂದಲ್ಲವೆ ಬರೆದಿರುವುದು? ಧಾರಾವಾಹಿ ಮುಗಿದ ಮೇಲೆ ಆ ಪುಟಗಳನ್ನಷ್ಟೇ ಕಿತ್ತು, ದಬ್ಬಣದಿಂದ ಹೊಲಿದು, ಕ್ಯಾಲೆಂಡರಿನ ಕಾಗದದ ರಟ್ಟು ಹಾಕಿ ಬೈಂಡು ಮಾಡಿಡುತ್ತಿದ್ದರು. ಹಳೆಯ ಮನೆಗಳ ಅಟ್ಟದಲ್ಲಿ ಅಂಥ ಕಟ್ಟು ಈಗಲೂ ಸಿಕ್ಕೀತು. ನಡುವಿನ ಒಂದು ಕಂತು ಇರುವುದಿಲ್ಲ. ಯಾರೋ ಓದಲು ಒಯ್ದವರು ಮರಳಿಸಿರುವುದಿಲ್ಲ.

ಸಂಪಾದಕರಿಗೆ ಬರುತ್ತಿದ್ದ ಅಂಚೆ ಕಾರ್ಡುಗಳ ಗಮ್ಮತ್ತು ಇನ್ನೊಂದು ಬಗೆಯದು. ಪತ್ರ ಬರೆದು, ಅದು ತಲುಪಿ, ಆಯ್ಕೆಯಾಗಿ, ಅಚ್ಚಾಗುವ ಹೊತ್ತಿಗೆ ಕತೆ ಮುಂದೆ ಓಡಿರುತ್ತಿತ್ತು. ಡಾಕ್ಟರು ಒಳ್ಳೆಯವನೇ ಎಂದು ಓದುಗರೊಬ್ಬರು ಹೊಗಳಿದ ಪತ್ರ ಅಚ್ಚಾಗುವ ಸಂಚಿಕೆಯಲ್ಲೇ ಡಾಕ್ಟರನ ಬಣ್ಣ ಬಯಲಾಗಬಹುದು. ಹೆಸರು, ಊರು ಸಮೇತ ಪಣ ಸೋತಂತೆ.

ಬಾಡಿಗೆ ಪುಸ್ತಕದ ಅಂಚಿನಲ್ಲಿ

ಧಾರಾವಾಹಿ ಕೈತಪ್ಪಿದವರಿಗೆ ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಯಿತ್ತು. ಡಿಪಾಜಿಟ್ಟು ಕಟ್ಟಿ, ದಿನಕ್ಕಿಷ್ಟು ಬಾಡಿಗೆ ಎಂದು ಕಾದಂಬರಿ ಒಯ್ಯುವ ಪುಟ್ಟ ಅಂಗಡಿ. ಮಾಲೀಕರೇ ಆ ಬೀದಿಯ ವಿಮರ್ಶಕರು: ಯಾರಿಗೆ ತ್ರಿವೇಣಿ ಕೊಡಬೇಕು, ಯಾರಿಗೆ ಪತ್ತೇದಾರಿ ಎಂಬುದು ಅವರಿಗೆ ಮುಖ ನೋಡಿದರೇ ತಿಳಿಯುತ್ತಿತ್ತು. ಅಂಥ ಪುಸ್ತಕಗಳ ಅಂಚುಗಳೇ ಒಂದು ಗೋಷ್ಠಿ. ಒಬ್ಬರು ಪೆನ್ಸಿಲಿನಲ್ಲಿ ‘ಪಾಪ’ ಎಂದಿದ್ದರೆ, ಕೆಳಗೆ ಇನ್ನೊಬ್ಬರು ನೀಲಿ ಶಾಯಿಯಲ್ಲಿ ‘ಏನು ಪಾಪ? ಇವಳದೇ ತಪ್ಪು’ ಎಂದಿರುತ್ತಾರೆ. ಪತ್ತೇದಾರಿ ಕಾದಂಬರಿಯ ಮೂವತ್ತನೆಯ ಪುಟದಲ್ಲೇ ಕೊಲೆಗಾರನ ಹೆಸರಿಗೆ ವೃತ್ತ ಸುತ್ತಿಟ್ಟ ಮಹಾನುಭಾವರಿಗೆ ಮಾತ್ರ ಯಾವ ಬೀದಿಯಲ್ಲೂ ಕ್ಷಮೆಯಿಲ್ಲ.

ಧಾರವಾಡದ ಕತೆ ತುಸು ಬೇರೆ. 1933ರಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ಪುಸ್ತಕ ಕಳಿಸುವ ಪದ್ಧತಿ ಇಟ್ಟುಕೊಂಡಿತು. ಒಂದೇ ಕಾದಂಬರಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹತ್ತಾರು ಊರುಗಳಲ್ಲಿ ಬಿಚ್ಚಿಕೊಳ್ಳುತ್ತದೆ ಎಂದರೆ ಮಾತಿಗೂ ಒಂದೇ ಹೊತ್ತು. ಗ್ರಂಥಮಾಲೆಯ ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥವರು ಕೂತು ಹಸ್ತಪ್ರತಿಗಳ ಮೇಲೇ ವಾದ ನಡೆಸುತ್ತಿದ್ದರು. ಆ ಅಟ್ಟದ ತುಂಟತನಕ್ಕೆ ಒಳ್ಳೆಯ ಸಾಕ್ಷಿ ‘ಖೋ’ ಎಂಬ ಕಾದಂಬರಿ. ಖೊ-ಖೋ ಆಟದಂತೆ ಒಬ್ಬರು ಒಂದು ಭಾಗ ಬರೆದು ಎದ್ದರೆ ಇನ್ನೊಬ್ಬರು ಮುಂದುವರಿಸಬೇಕು. ಹೀಗೆ ಹಲವು ಲೇಖಕರು ಸೇರಿ ಮುಗಿಸಿದರು. ಅರ್ಧ ಓದಿದವರ ಅಭಿಪ್ರಾಯವೇ ಅಲ್ಲಿ ಮುಂದಿನ ಅಧ್ಯಾಯವಾಯಿತು.

ನೂರು ಪುಟ ದಾಟುವುದು

ಕೆಲವು ಕಾದಂಬರಿಗಳ ಬಗ್ಗೆ ನಡುವೆ ಕೇಳಿದರೆ ಒಂದು ಉತ್ತರ, ಕೊನೆಗೆ ಕೇಳಿದರೆ ತದ್ವಿರುದ್ಧ ಉತ್ತರ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇದಕ್ಕೆ ದೊಡ್ಡ ಉದಾಹರಣೆ. ನಾಯಿಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿ ಹಿಡಿದಾಗ ಅವನ ಹಿಂದೆ ಹೊರಟ ಓದುಗರು, ಸಿಂಭಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು ಎಂದು ಮನೆಗಳು ಎದುರಾದಂತೆ ದಾರಿ ತಪ್ಪುತ್ತಾರೆ. ಯಾರು ಯಾರ ಆಳು, ಯಾವ ಹೆಗ್ಗಡೆ ಯಾವ ಗೌಡರಿಗೆ ನೆಂಟ? ಹಾಳೆಯ ಮೇಲೆ ವಂಶವೃಕ್ಷ ಬರೆದುಕೊಂಡು ಓದುವವರೂ ಇದ್ದಾರೆ. “ನೂರು ಪುಟ ತಡ್ಕೊಳ್ಳಿ, ಆಮೇಲೆ ಅದೇ ಎಳ್ಕೊಂಡು ಹೋಗುತ್ತೆ” ಎನ್ನುವುದು ಅದನ್ನು ದಾಟಿದವರು ದಾಟುತ್ತಿರುವವರಿಗೆ ಕೊಡುವ ಅಭಯ.

ಅದೇ ಕಾದಂಬರಿ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ, ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪ ಮತ್ತು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ, ಸುಮಾರು ಒಂಬತ್ತು ತಾಸಿನ ಅಹೋರಾತ್ರಿ ನಾಟಕವಾಯಿತು. ನಡುರಾತ್ರಿಯ ವಿರಾಮದಲ್ಲಿ ಚಹಾ ಕುಡಿಯುತ್ತ ನಿಂತವರೆಲ್ಲ ಅರ್ಧ ಓದಿದವರೇ.

ಅರ್ಧಕ್ಕೇ ಬಿಟ್ಟವರ ಲೆಕ್ಕ ಹಿಡಿಯಲು ಹೊರಟವರೂ ಇದ್ದಾರೆ. ಅಮೆರಿಕದ ಗಣಿತಜ್ಞ ಜೋರ್ಡನ್ ಎಲೆನ್‌ಬರ್ಗ್ 2014ರಲ್ಲಿ ಒಂದು ತಮಾಷೆಯ ಅಳತೆ ಮಾಡಿದರು. ಕಿಂಡಲ್ ಓದುಗರು ಹೆಚ್ಚಾಗಿ ಗೆರೆ ಎಳೆದ ಐದು ಸಾಲುಗಳು ಪುಸ್ತಕದ ಯಾವ ಭಾಗದಲ್ಲಿವೆ ಎಂದು ನೋಡುವುದು. ಎಲ್ಲವೂ ಮೊದಲಲ್ಲೇ ಇದ್ದರೆ ಜನ ಅಲ್ಲಿಗೇ ಬಿಟ್ಟಿದ್ದಾರೆ ಎಂದರ್ಥ. ಥಾಮಸ್ ಪಿಕೆಟಿಯ ಅರ್ಥಶಾಸ್ತ್ರದ ದಪ್ಪ ಪುಸ್ತಕಕ್ಕೆ ಸಿಕ್ಕಿದ್ದು ಶೇ 2.4. ಡೋನಾ ಟಾರ್ಟ್ ಅವರ ಅಷ್ಟೇ ದಪ್ಪದ ಕಾದಂಬರಿ ‘ದಿ ಗೋಲ್ಡ್‌ಫಿಂಚ್’ಗೆ ಶೇ 98.5. ಇದು ವಿಜ್ಞಾನವಲ್ಲ ಎಂದು ಅವರೇ ಹೇಳಿದ್ದರು. ಆದರೂ ದಪ್ಪಕ್ಕೆ ಹೆದರಿ ಜನ ಕಾದಂಬರಿ ಬಿಡುತ್ತಾರೆ ಎಂಬ ದೂರಿಗೆ ಇದೊಂದು ಸಣ್ಣ ಪೆಟ್ಟು.

ಕೊನೆ ಹೇಳಿಬಿಟ್ಟರೆ ಕೆಡುತ್ತದೆಯೆ?

ಕುಮಾರವ್ಯಾಸ ಭಾರತದ ವಾಚನಕ್ಕೆ ಹೋಗುವವರಲ್ಲಿ ದುರ್ಯೋಧನನ ತೊಡೆ ಮುರಿಯುತ್ತದೆ ಎಂದು ತಿಳಿಯದವರು ಯಾರೂ ಇಲ್ಲ. ಆದರೂ ಗಮಕಿ ರಾಗ ಎತ್ತಿ, ವ್ಯಾಖ್ಯಾನಕಾರರು ಪದ ಬಿಡಿಸುತ್ತಿದ್ದರೆ ಜಗಲಿ ತುಂಬುತ್ತದೆ. ಅಲ್ಲಿ ಮುಂದೇನು ಎಂಬ ಪ್ರಶ್ನೆಯಿಲ್ಲ, ಇವತ್ತು ಹೇಗೆ ಹೇಳುತ್ತಾರೆ ಎಂಬ ಆಸೆ ಇದೆ. “ಮುಂದೇನಾಯ್ತು?” ಎಂಬ ಚಡಪಡಿಕೆಯನ್ನು ನಮ್ಮ ಮನೆಗಳಿಗೆ ಈ ಪ್ರಮಾಣದಲ್ಲಿ ತಂದದ್ದು ಕಾದಂಬರಿ. ಅದರ ಬಾಲಕ್ಕೆ ಅಂಟಿಕೊಂಡೇ “ಹೇಳ್ಬೇಡಿ, ಹೇಳ್ಬೇಡಿ” ಎಂದು ಕಿವಿ ಮುಚ್ಚಿಕೊಳ್ಳುವ ಹೊಸ ಮರ್ಯಾದೆಯೂ ಬಂತು.

ಕೊನೆ ತಿಳಿದರೆ ರುಚಿ ಕೆಡುತ್ತದೆಯೇ ಎಂದು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ಪರೀಕ್ಷಿಸಿದರು. 12 ಸಣ್ಣಕತೆಗಳನ್ನು ಕೆಲವು ವಿದ್ಯಾರ್ಥಿಗಳಿಗೆ ಹಾಗೆಯೇ, ಕೆಲವರಿಗೆ ಕೊನೆಯನ್ನು ಮೊದಲೇ ತಿಳಿಸಿ ಓದಿಸಿದರು. 2011ರಲ್ಲಿ ಬಂದ ಅವರ ಫಲಿತಾಂಶದ ಪ್ರಕಾರ, ಕೊನೆ ತಿಳಿದವರೇ ಒಟ್ಟಿನಲ್ಲಿ ಹೆಚ್ಚು ಮೆಚ್ಚಿದ್ದರು. ಮುಂದೆ ಬೇರೆಯವರು ಮಾಡಿದ ಪರೀಕ್ಷೆಯಲ್ಲಿ ಇದರ ಉಲ್ಟಾ ಫಲಿತಾಂಶವೂ ಬಂತು. ಅಂತೂ ಪ್ರಯೋಗಾಲಯ ಒಂದು ಮಾತಿಗೆ ನಿಂತಿಲ್ಲ.

ಎಸ್.ಎಲ್. ಭೈರಪ್ಪನವರ ‘ಪರ್ವ’ (1979) ಓದಿದ ಕನ್ನಡಿಗರು ಈ ಪರೀಕ್ಷೆಯನ್ನು ತಾವೇ ಮಾಡಿಕೊಂಡಿದ್ದಾರೆ. ಮಹಾಭಾರತದ ಕೊನೆ ಬಲ್ಲವರೇ ಆ ದಪ್ಪ ಪುಸ್ತಕ ಹಿಡಿದು ನಿದ್ದೆಗೆಟ್ಟರು. ಮದ್ರದೇಶದ ಮುದಿ ಶಲ್ಯನಿಂದ ಕತೆ ಯಾಕೆ ಶುರುವಾಗುತ್ತದೆ, ದೇವರಿಲ್ಲದ, ಪವಾಡವಿಲ್ಲದ ಭಾರತದಲ್ಲಿ ಕುಂತಿಯ ಮಕ್ಕಳು ಯಾರ ಮಕ್ಕಳು? ನಡುವೆ ಇರುವವರ ವಾದಕ್ಕೆ ಕೊನೆಯ ಗುಟ್ಟೇ ಬೇಕಾಗಲಿಲ್ಲ.

ಓದದವರ ಗದ್ದಲ

ಅರ್ಧ ಓದಿದವರ ಮಾತಿಗೆ ಒಂದು ಕೆಟ್ಟ ನೆಂಟಸ್ತಿಕೆ ಇದೆ: ಓದದೇ ಆಡುವವರ ಮಾತು. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳ ಮೇಲೆ ಅಶ್ಲೀಲದ ಆಪಾದನೆ ಬಂದಾಗ ಅನಕೃ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಡಬೇಕಾಯಿತು.

2007ರಲ್ಲಿ ಭೈರಪ್ಪನವರ ‘ಆವರಣ’ ಬಂದಾಗ ಗದ್ದಲ ಇನ್ನೂ ಜೋರು. ಪ್ರತಿಗಳು ಕೈಗೆ ಸಿಗದಷ್ಟು ವೇಗವಾಗಿ ಖರ್ಚಾದವು, ಮುದ್ರಣದ ಮೇಲೆ ಮುದ್ರಣ ಆಯಿತು. ಯು.ಆರ್. ಅನಂತಮೂರ್ತಿಯವರು ಬಹಿರಂಗವಾಗಿ ಟೀಕಿಸಿದರು. ಪರ ವಿರೋಧದ ಲೇಖನಗಳು, ಪುಸ್ತಕಗಳೇ ಬಂದವು. ಬಸ್ಸಿನಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ ಪಕ್ಷ ಹಿಡಿದವರಲ್ಲಿ ಎಷ್ಟು ಜನ ಓದಿದ್ದರು ಎಂಬುದು ಬೇರೆ ಮಾತು. ಆ ಕಾದಂಬರಿಯ ಒಳಗೇ ಇನ್ನೊಂದು ಕಾದಂಬರಿ ಇದೆ, ನಾಯಕಿ ಬರೆಯುತ್ತಿರುವುದು. ಓದುತ್ತಿದ್ದವರು ತಕರಾರು ಮಾಡಿದ್ದು ಹೆಚ್ಚಾಗಿ ಆ ಎರಡು ಕತೆಗಳ ಜೋಡಣೆಯ ಬಗ್ಗೆ. ಓದದವರು ಅಷ್ಟು ದೂರ ಹೋಗುವ ಗೋಜಿಗೇ ಬೀಳಲಿಲ್ಲ.

ಮತ್ತೆ ಕಂತು, ಮತ್ತೆ ಮೌನ

ಈಗ ವಠಾರಗಳೂ ಇಲ್ಲ, ಬಾಡಿಗೆ ಲೈಬ್ರರಿಗಳು ಬೆರಳೆಣಿಕೆಗೆ ಇಳಿದಿವೆ. ಕಂತು ಮಾತ್ರ ಮೊಬೈಲಿಗೆ ಮರಳಿದೆ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಪ್ರತಿಲಿಪಿ’ಯಲ್ಲಿ ಕನ್ನಡದ ಧಾರಾವಾಹಿಗಳು ಅಧ್ಯಾಯ ಅಧ್ಯಾಯವಾಗಿ ಬರುತ್ತವೆ; ಪ್ರತಿ ಅಧ್ಯಾಯದ ಬುಡದಲ್ಲೇ ಓದುಗರು ಬರೆಯಬಹುದು. ಅಂಚೆ ಕಾರ್ಡಿಗೆ ವಾರಗಳು ಬೇಕಾಗಿದ್ದ ಕೆಲಸ ಈಗ ನಿಮಿಷಗಳದ್ದು. ಬೇಗ ತಲುಪುತ್ತದೆ ಎಂದ ಮಾತ್ರಕ್ಕೆ ಮಾತು ಬೆಳೆಯುತ್ತದೆ ಎನ್ನಲಾಗದು. “ಮುಂದಿನ ಭಾಗ ಬೇಗ ಹಾಕಿ” ಎಂಬುದು ಅಭಿಪ್ರಾಯವಲ್ಲ, ಹಸಿವು. ಕಾರ್ಡಿನಲ್ಲಿ ಇದ್ದದ್ದೇ ಅಂಗೈಯಗಲದ ಜಾಗ. ಅಷ್ಟರಲ್ಲಿ ಏನು ಹೇಳಬೇಕೆಂದು ಯೋಚಿಸದೆ ಗತಿಯಿರಲಿಲ್ಲ.

ಇದಕ್ಕೆ ಎದುರು ತುದಿಯಲ್ಲಿದೆ ಕಬ್ಬನ್ ಪಾರ್ಕು. 2023ರ ಆರಂಭದಿಂದ ‘ಕಬ್ಬನ್ ರೀಡ್ಸ್’ ಹೆಸರಿನಲ್ಲಿ ಶನಿವಾರ ಬೆಳಿಗ್ಗೆ ಜನ ಚಾಪೆ ಹಾಸಿಕೊಂಡು ಅಲ್ಲಿ ಕೂರುತ್ತಾರೆ. ಯಾವ ಪುಸ್ತಕವಾದರೂ ಆಗಬಹುದು. ಗೋಷ್ಠಿಯಿಲ್ಲ, ಚರ್ಚೆಯಿಲ್ಲ, ಒಟ್ಟಿಗೆ ಕೂತು ಸುಮ್ಮನೆ ಓದುವುದು. ಕೊನೆಗೆ ಎಲ್ಲರ ಪುಸ್ತಕಗಳನ್ನು ಸಾಲಾಗಿ ಜೋಡಿಸಿ ಒಂದು ಫೋಟೊ. ಬೇರೆ ನಗರಗಳಿಗೂ ಹಬ್ಬಿದ ಈ ಪದ್ಧತಿಯಲ್ಲಿ ಅಭಿಪ್ರಾಯಕ್ಕೆ ಜಾಗವೇ ಇಲ್ಲ ಎನಿಸಬಹುದು. ಆದರೆ ಪಕ್ಕದ ಚಾಪೆಯವರು ಇದ್ದಕ್ಕಿದ್ದಂತೆ ಪುಟ ತಿರುಗಿಸುವುದನ್ನು ನಿಲ್ಲಿಸಿ ಮರ ನೋಡುತ್ತ ಕೂತರೆ, ಅದನ್ನು ಗಮನಿಸದೇ ಇರುವುದು ಯಾರಿಗೂ ಕಷ್ಟ.

ಮುಗಿದ ಮೇಲೂ ಮುಗಿಯದವು

ಕೊನೆಯ ಪುಟ ಬಂದರೂ ಓದುಗರನ್ನು ನಡುವೆಯೇ ನಿಲ್ಲಿಸಿಬಿಡುವ ಕಾದಂಬರಿಗಳೂ ಇವೆ. 1965ರಲ್ಲಿ ಮನೋಹರ ಗ್ರಂಥಮಾಲೆ ಪ್ರಕಟಿಸಿದ ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ನಾರಣಪ್ಪನ ಹೆಣ ಬಿದ್ದಿರುವಷ್ಟು ಹೊತ್ತೂ ಇನ್ನೇನು ಎತ್ತುತ್ತಾರೆ, ಯಾರು ಎತ್ತುತ್ತಾರೆ ಎಂಬುದೇ ಮಾತು. ಒಂದು ಹಂತದಲ್ಲಿ ಓದುಗರಿಗೆ ಗೊತ್ತಿರುವುದು, ಅದನ್ನು ತೀರ್ಮಾನಿಸಬೇಕಾದ ಪ್ರಾಣೇಶಾಚಾರ್ಯರಿಗೆ ಗೊತ್ತಿರುವುದಿಲ್ಲ. ಆಚಾರ್ಯರು ಅಗ್ರಹಾರದ ಕಡೆ ಗಾಡಿಯಲ್ಲಿ ಸಾಗುತ್ತಿರುವಾಗಲೇ ಕಾದಂಬರಿ ನಿಲ್ಲುತ್ತದೆ. ಅವರು ಊರಿಗೆ ಹೋಗಿ ಬಾಯಿಬಿಟ್ಟರೋ ಇಲ್ಲವೋ ಎಂದು ಅರವತ್ತು ವರ್ಷಗಳಿಂದ ವಾದ ನಡೆದೇ ಇದೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಇನ್ನೂ ಚಿಕ್ಕದು. ಕಾಫಿ ಹೌಸಿನಲ್ಲಿ ಕೂತ, ಹೆಸರಿಲ್ಲದ ನಿರೂಪಕ. ಅವನ ಮುಂದೆ ಓಡಾಡುವ ವೇಟರ್ ವಿನ್ಸೆಂಟ್. ನಿರೂಪಕನ ಹೆಂಡತಿ ಅನಿತಾ. ಮಧ್ಯಾಹ್ನ ಊಟ ಮುಗಿಸಿ ಹಿಡಿದರೆ ಸಂಜೆಯ ಕಾಫಿಯ ಹೊತ್ತಿಗೆ ಓದಿ ಮುಗಿಯುತ್ತದೆ. ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದಲ್ಲಿ ದೂರದೇಶದವರೂ ಅದನ್ನು ಓದಿದರು. ಕೊನೆಯ ಪುಟ ಮುಗಿಸಿದ ಒಡನೆ ಜನ ಮಾಡುವ ಮೊದಲ ಕೆಲಸ, ಅದನ್ನು ಓದಿರುವ ಇನ್ನೊಬ್ಬರಿಗೆ ಫೋನು ಹಚ್ಚಿ “ಹಾಗಾದ್ರೆ ಅನಿತಾಗೆ ಏನಾಯ್ತು?” ಎಂದು ಕೇಳುವುದು. ಆ ಬಗ್ಗೆ ಇರುವ ಎರಡು ಮೂರು ಊಹೆಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಈ ಭಾನುವಾರ ಯಾರಾದರೂ ಅದರ ಐವತ್ತನೆಯ ಪುಟದಲ್ಲಿದ್ದಾರು.